ದೊಡ್ಡಮ್ಮ ಹೇಳಿದ ನೂರು ರೂಪಾಯಿ ಎಲ್ಲಿಂದ ಬಂತು?

ಮೂಡಿಗೆರೆ ತಾಲ್ಲೂಕಿನಲ್ಲಿರುವ ನಮ್ಮ ದೊಡ್ಡಮ್ಮನ ಮನೆಯ ಹಿಂದೆ ಒಂದು ಹಳ್ಳ ಹರಿಯುತ್ತದೆ. ನಕ್ಷೆಯಲ್ಲಿ ಅದಕ್ಕೆ ಹೆಸರಿಲ್ಲ, ಊರಿನವರ ಬಾಯಲ್ಲೂ ಅದು ಬರಿಯ ಹಳ್ಳ. ಕಾಫಿ ತೋಟದ ಅಂಚಿನಲ್ಲಿ ಇಳಿದು, ಗದ್ದೆ ಬಯಲನ್ನು ಬಳಸಿಕೊಂಡು, ಕೊನೆಗೆ ಹೇಮಾವತಿಯನ್ನು ಸೇರುತ್ತದೆ. ಹಾಸನದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ ನಾನು ಒಂದು ಫೆಬ್ರುವರಿಯಲ್ಲಿ ಐದಾರು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಸಮೀಕ್ಷೆ ಮಾಡುವುದೆಂದರೆ ಏನೆಂದು ಅವರು ಮನೆಬಾಗಿಲಲ್ಲಿ ನಿಂತೇ ಕಲಿಯಲಿ ಎಂಬುದು ನನ್ನ ಆಸೆ. ಪ್ರಶ್ನೆಗಳನ್ನು ಬರೆದವನು ನಾನೇ.

ಜಗಲಿಯಲ್ಲಿ ಕುಳಿತ ವಿದ್ಯಾರ್ಥಿನಿ ಓದಿದಳು: "ಅಮ್ಮಾ, ಈ ಹಳ್ಳ ಬೇಸಿಗೆಯಲ್ಲೂ ಬತ್ತದೆ ಹರಿಯುವಂತೆ, ಪಲ್ಪರಿನ ಕೊಳಕು ನೀರು ಸೇರದಂತೆ ಕಾಪಾಡಲು ನಿಮ್ಮ ಮನೆಯಿಂದ ವರ್ಷಕ್ಕೆ ಎಷ್ಟು ರೂಪಾಯಿ ಕೊಡಲು ಸಿದ್ಧರಿದ್ದೀರಿ?" ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ.

ದೊಡ್ಡಮ್ಮ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. ಸ್ವಲ್ಪ ಹೊತ್ತು ಹಳ್ಳದ ಕಡೆಗೇ ನೋಡಿದರು. ಆಮೇಲೆ ಉತ್ತರ ಹೇಳುವ ಬದಲು ಮೂರು ಪ್ರಶ್ನೆ ಕೇಳಿದರು. "ಪಕ್ಕದ ಮನೆಯವರು ಎಷ್ಟು ಹೇಳಿದರಮ್ಮ?" "ಆ ದುಡ್ಡು ಯಾರ ಕೈಗೆ ಹೋಗುತ್ತದೆ?" "ಹಳ್ಳ ನಮ್ಮದೇ ಅಲ್ಲವೇ? ಕೆಡಿಸುವವರು ಬೇರೆಯವರು, ಉಳಿಸಿಕೊಳ್ಳಲು ನಾವು ಯಾಕೆ ಕೊಡಬೇಕು?" ವಿದ್ಯಾರ್ಥಿನಿಯ ಬಳಿ ಮೂರಕ್ಕೂ ಉತ್ತರವಿರಲಿಲ್ಲ. ಅವಳು ಪೆನ್ನು ಹಿಡಿದು ಕಾಯುತ್ತಿದ್ದಳು. "ಆಗಲಿ, ನೂರು ಎಂದು ಬರೆದುಕೋ" ಎಂದರು ದೊಡ್ಡಮ್ಮ.

ಆ ನೂರು ಹಾಳೆಯ ಮೇಲೆ ಕುಳಿತ ಕೂಡಲೇ ಅದಕ್ಕೆ ಒಂದು ಗಟ್ಟಿತನ ಬಂದುಬಿಟ್ಟಿತು. ಹಾಗೆಯೇ ಬಿಟ್ಟಿದ್ದರೆ ಅದು ಬೇರೆ ಮನೆಗಳ ಅಂಕಿಗಳೊಂದಿಗೆ ಕೂಡಿ, ಮನೆಗಳ ಸಂಖ್ಯೆಯಿಂದ ಗುಣಿಸಲ್ಪಟ್ಟು, 'ಈ ಹಳ್ಳಕ್ಕೆ ಜನ ಕಟ್ಟುವ ಬೆಲೆ' ಎಂಬ ಒಂದು ದೊಡ್ಡ ಮೊತ್ತವಾಗುತ್ತಿತ್ತು. ಒಂದು ನಿಮಿಷದ ಹಿಂದೆ ಆ ನೂರು ಎಲ್ಲಿತ್ತು? ದೊಡ್ಡಮ್ಮನ ಮನಸ್ಸಿನಲ್ಲಿ ಮೊದಲೇ ಇತ್ತೇ, ಅಥವಾ ಜಗಲಿಯ ಮೇಲೆ ಆಗಲೇ ಹುಟ್ಟಿತೇ? ಪರಿಸರದ ಅರ್ಥಶಾಸ್ತ್ರದಲ್ಲಿ ದಶಕಗಳಿಂದ ನಡೆದಿರುವ ಒಂದು ಬಿರುಸಾದ ಚರ್ಚೆ ಇದೇ ಪ್ರಶ್ನೆಯ ಸುತ್ತ ನಿಂತಿದೆ.

ಇಂಥ ಪ್ರಶ್ನೆ ಕೇಳಲೇಬೇಕೇ ಎಂಬುದನ್ನು ಮೊದಲು ನೋಡೋಣ. ಕಾಫಿಗೆ ಬೆಲೆಯಿದೆ. ಐವತ್ತು ಕೆ.ಜಿ. ಮೂಟೆಗೆ ಇಂದು ಎಷ್ಟೆಂದು ಚಿಕ್ಕಮಗಳೂರಿನ ಯಾವ ಬೆಳೆಗಾರನನ್ನು ಕೇಳಿದರೂ ಹೇಳುತ್ತಾನೆ. ಸಿಲ್ವರ್ ಓಕ್ ಮರಕ್ಕೆ ಬೆಲೆಯಿದೆ. ಹಳ್ಳಕ್ಕೆ ಇಲ್ಲ. ಕುದುರೆಮುಖದ ಮ್ಯಾಗ್ನೆಟೈಟ್ ಅದಿರಿಗೆ ಬೆಲೆಯಿತ್ತು. ಅದನ್ನು ಕೆಸರು ಮಾಡಿ 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಅದೇ ಬೆಟ್ಟದ ಶೋಲಾ ಕಾಡಿಗೆ, ಹುಲ್ಲುಗಾವಲಿಗೆ, ಕೆಳಗೆ ಹರಿಯುವ ಭದ್ರೆಯ ತಿಳಿನೀರಿಗೆ ಯಾವ ಪೇಟೆಯಲ್ಲೂ ದರವಿರಲಿಲ್ಲ. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ನೀಡಿ, 2005ರ ಕೊನೆಗೆ ಗಣಿ ನಿಂತಿತು. ಆದರೆ ಎಲ್ಲ ವಿವಾದಗಳೂ ಅಷ್ಟು ದೂರ ಹೋಗಿ ತೀರ್ಮಾನವಾಗುವುದಿಲ್ಲ. ಸಕಲೇಶಪುರದ ಕಡೆಯ ಎತ್ತಿನಹೊಳೆಯ ನೀರನ್ನು ತಿರುಗಿಸುವ ಯೋಜನೆಯನ್ನೇ ನೋಡಿ. 24.01 ಟಿ.ಎಂ.ಸಿ. ನೀರು ಎಂಬ ಲೆಕ್ಕವಿದೆ, ಕೊಳವೆ, ಪಂಪು, ವಿದ್ಯುತ್ತಿಗೆ ಸಾವಿರಾರು ಕೋಟಿಗಳ ಲೆಕ್ಕವಿದೆ. ಹೊಳೆ ಇದ್ದಂತೆ ಇದ್ದಿದ್ದರೆ ಅದರ ಬೆಲೆ ಎಷ್ಟೆಂಬ ಸಾಲು ಮಾತ್ರ ಖಾಲಿ. ಲೆಕ್ಕದ ಪುಸ್ತಕದಲ್ಲಿ ಖಾಲಿ ಬಿಟ್ಟ ಸಾಲನ್ನು ಕೂಡುವಾಗ ಎಲ್ಲರೂ ಸೊನ್ನೆಯೆಂದೇ ಹಿಡಿಯುತ್ತಾರೆ. ಆ ಸೊನ್ನೆ ನನ್ನನ್ನು ಬಹಳ ಕಾಡಿದೆ. ಈ ಪ್ರಶ್ನೆಯನ್ನು ಹಿಡಿದು ನಾನು ಊರೂರು ತಿರುಗಲು ಹೊರಟದ್ದೂ ಅದರಿಂದಲೇ.

ನಮ್ಮ ದೇಶದಲ್ಲಿ ಕಾಡಿನ ಜಾಗವನ್ನು ಬೇರೆ ಕೆಲಸಕ್ಕೆ ಕೊಡುವಾಗ ಒಂದು ದರ ವಸೂಲು ಮಾಡುತ್ತಾರೆ. 2008ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಪಟ್ಟಿಯಲ್ಲಿ ಕಾಡಿನ ಬಗೆ ಮತ್ತು ದಟ್ಟಣೆಗೆ ತಕ್ಕಂತೆ ಅದು ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿವರೆಗೆ ಇತ್ತು. ಸೊನ್ನೆಗಿಂತ ಅದು ಮೇಲು. ಆದರೆ ಕಾಡಿನಿಂದ ಸಿಗುವ ಮರ, ಸೌದೆ, ನೀರು ಇವುಗಳ ಲೆಕ್ಕ ಹಾಕುವುದು ಒಂದು. ಕುದುರೆಮುಖದ ಕಾಡಿನಲ್ಲಿ ಸಿಂಗಳೀಕ ಉಳಿದಿದೆ ಎಂಬ ಸುದ್ದಿಯಿಂದ, ಅದನ್ನು ಎಂದೂ ನೋಡದ ಅರಸೀಕೆರೆಯ ಒಬ್ಬರಿಗೆ ಆಗುವ ಸಮಾಧಾನದ ಲೆಕ್ಕ ಇನ್ನೊಂದು. ಬಳಸದಿದ್ದರೂ, ನೋಡದಿದ್ದರೂ, ಒಂದು ವಸ್ತು ಇರುವುದೇ ಮನುಷ್ಯನಿಗೆ ಬೇಕಾಗಿರಬಹುದು ಎಂಬ ಮಾತನ್ನು 1967ರಲ್ಲಿ ಜಾನ್ ಕ್ರುಟಿಲ್ಲಾ ಎಂಬ ಅರ್ಥಶಾಸ್ತ್ರಜ್ಞ ಸ್ಪಷ್ಟವಾಗಿ ಮುಂದಿಟ್ಟರು. ಈ ಬಗೆಯ ಬೆಲೆಯನ್ನು ಯಾವ ಅಂಗಡಿಯ ರಸೀದಿಯಿಂದಲೂ ಹಿಂದಕ್ಕೆ ಲೆಕ್ಕ ಹಾಕಲು ಬರುವುದಿಲ್ಲ. ಜನರನ್ನೇ ಕೇಳಬೇಕು. ಹೀಗೆ ಕೇಳುವ ಕ್ರಮಕ್ಕೆ ಕಂಟಿಂಜೆಂಟ್ ವ್ಯಾಲ್ಯುಯೇಷನ್ ಎನ್ನುತ್ತಾರೆ. ಇಲ್ಲದ ಪೇಟೆಯೊಂದನ್ನು ಮಾತಿನಲ್ಲಿ ಕಟ್ಟಿ, 'ಹೀಗಿದ್ದರೆ ನೀವೆಷ್ಟು ಕೊಡುತ್ತಿದ್ದಿರಿ' ಎಂದು ವಿಚಾರಿಸುವುದು ಅದರ ತಿರುಳು. ಸಿರಿಯಾಸಿ ವಾಂಟ್ರಪ್ ಎಂಬವರು 1947ರಲ್ಲಿಯೇ ಇದನ್ನು ಸೂಚಿಸಿದ್ದರು. 1963ರಲ್ಲಿ ರಾಬರ್ಟ್ ಡೇವಿಸ್ ತಮ್ಮ ಸಂಶೋಧನೆಗಾಗಿ ಅಮೆರಿಕದ ಮೇನ್ ರಾಜ್ಯದ ಕಾಡಿಗೆ ಬರುವವರನ್ನು ಕೇಳಿ ನೋಡಿದರು.

ವಿದ್ವಾಂಸರ ನಡುವೆ ಇದ್ದ ಈ ವಿಧಾನ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ಒಂದು ಹಡಗಿನಿಂದ. 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೆಜ್ ಎಂಬ ತೈಲ ಹಡಗು ಅಲಾಸ್ಕದ ಕರಾವಳಿಯಲ್ಲಿ ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ಸಮುದ್ರಕ್ಕೆ ಸುರಿಯಿತು. ಮೀನುಗಾರರ ನಷ್ಟವನ್ನು ಮೀನಿನ ಬೆಲೆಯಿಂದ ಲೆಕ್ಕ ಹಾಕಬಹುದು. ಅಲಾಸ್ಕಕ್ಕೆ ಎಂದೂ ಹೋಗದ ಅಮೆರಿಕನ್ನರ ಸಂಕಟಕ್ಕೆ ಏನು ಲೆಕ್ಕ? ಅಲಾಸ್ಕ ರಾಜ್ಯ ಸರ್ಕಾರದ ಪರವಾಗಿ ರಿಚರ್ಡ್ ಕಾರ್ಸನ್ ಮತ್ತು ಸಂಗಡಿಗರು ದೇಶದ ಮನೆಮನೆಗೆ ಜನರನ್ನು ಕಳಿಸಿ, ಇಂಥ ಇನ್ನೊಂದು ಅವಘಡವನ್ನು ತಡೆಯಲು ಹಡಗುಗಳ ಜೊತೆ ಕಾವಲು ಹಡಗು ಕಳಿಸುವ ಯೋಜನೆಗೆ ಒಮ್ಮೆ ಮಾತ್ರ ತೆರಿಗೆ ಕೊಡುತ್ತೀರಾ ಎಂದು ಕೇಳಿಸಿದರು. ಅರ್ಧದಷ್ಟು ಮನೆಗಳಾದರೂ 31 ಡಾಲರ್ ಅಥವಾ ಹೆಚ್ಚು ಕೊಡುತ್ತವೆ ಎಂಬ ಅಂದಾಜು ಸಿಕ್ಕಿತು. ದೇಶದ ಮನೆಗಳಿಗೆಲ್ಲ ಹರಡಿದಾಗ ಅದು 280 ಕೋಟಿ ಡಾಲರ್ ಆಯಿತು. 1991ರಲ್ಲಿ ಹಡಗಿನ ಒಡೆಯರಾದ ಎಕ್ಸಾನ್ ಕಂಪನಿ ಮತ್ತು ಸರ್ಕಾರಗಳ ನಡುವೆ ಆದ ಸಿವಿಲ್ ರಾಜಿಯ ಮೊತ್ತ 90 ಕೋಟಿ ಡಾಲರ್.

ಅಷ್ಟು ಹಣದ ಮಾತು ಬಂದಾಗ ವಿಧಾನವನ್ನು ಒಡೆದು ನೋಡುವವರು ಬರುವುದು ಸಹಜ. ಎಕ್ಸಾನ್ ಹಣದಿಂದಲೇ ನಡೆದ, ಇಂದಿಗೂ ಎಲ್ಲರೂ ಉದಾಹರಿಸುವ ಒಂದು ಪರೀಕ್ಷೆಯಿದೆ. ತೈಲದ ಹೊಂಡಗಳಲ್ಲಿ ಬಿದ್ದು ಸಾಯುವ ವಲಸೆ ಹಕ್ಕಿಗಳನ್ನು ಬಲೆ ಹೊದಿಸಿ ಉಳಿಸಲು ಎಷ್ಟು ಕೊಡುತ್ತೀರಿ ಎಂದು ಮೂರು ಗುಂಪಿನ ಜನರನ್ನು ಕೇಳಿದರು. ಮೊದಲ ಗುಂಪಿಗೆ ಹೇಳಿದ್ದು 2,000 ಹಕ್ಕಿ, ಎರಡನೆಯದಕ್ಕೆ 20,000, ಮೂರನೆಯದಕ್ಕೆ 2,00,000. ಸರಾಸರಿ ಉತ್ತರಗಳು ಕ್ರಮವಾಗಿ 80, 78 ಮತ್ತು 88 ಡಾಲರ್. ಹಕ್ಕಿಗಳು ನೂರು ಪಟ್ಟು ಹೆಚ್ಚಿದರೂ ಮೊತ್ತ ಮಿಸುಕಲಿಲ್ಲ. ಜನ ಹಕ್ಕಿಗಳನ್ನು ಎಣಿಸಿ ಬೆಲೆ ಹೇಳಲಿಲ್ಲ. ಎಣ್ಣೆಯಲ್ಲಿ ಮುಳುಗಿದ ಒಂದು ಹಕ್ಕಿಯ ಚಿತ್ರ ಕಣ್ಣ ಮುಂದೆ ಬಂದು, ಅದರ ನೋವಿಗೆ ಸ್ಪಂದಿಸಿದರು ಎಂದು ಹಲವರು ವಿವರಿಸಿದರು. ಡೇನಿಯಲ್ ಕಾಹ್ನೆಮನ್ ಮತ್ತು ಜ್ಯಾಕ್ ನೆಟ್ಷ್ 1992ರಲ್ಲಿ ಇದಕ್ಕೆ ಹತ್ತಿರದ ಮಾತನ್ನೇ ಹೇಳಿದ್ದರು: ಇಂಥ ಸಮೀಕ್ಷೆಗಳಲ್ಲಿ ಜನ ಕೊಳ್ಳುವುದು ಕೆರೆಯನ್ನೋ ಕಾಡನ್ನೋ ಅಲ್ಲ, ಒಳ್ಳೆಯ ಕೆಲಸ ಮಾಡಿದ ತೃಪ್ತಿಯನ್ನು. ನಮ್ಮಲ್ಲಿ ಇಟ್ಟು ನೋಡಿ. ಚಿಕ್ಕಮಗಳೂರಿಗೆ ಕುಡಿಯುವ ನೀರು ಕೊಡುವ ಹಿರೇಕೊಳಲೆ ಕೆರೆ ಒಂದನ್ನು ಕಾಪಾಡಲು ಎಷ್ಟು ಎಂದು ನನ್ನನ್ನು ಇಂದು ಕೇಳಿ, ಜಿಲ್ಲೆಯ ಎಲ್ಲ ಕೆರೆಗಳಿಗೂ ಸೇರಿ ಎಷ್ಟು ಎಂದು ಆರು ತಿಂಗಳ ನಂತರ ಕೇಳಿದರೆ, ಎರಡೂ ಸಲ ನನ್ನ ಬಾಯಿಂದ ಐನೂರು ಎಂದೇ ಬರುವ ಸಾಧ್ಯತೆ ಬಹಳ.

ಆದರೂ ಆ ಹಕ್ಕಿಗಳ ಪರೀಕ್ಷೆಯನ್ನು ಕಣ್ಣು ಮುಚ್ಚಿ ಒಪ್ಪಬೇಕಾಗಿಲ್ಲ. ಸಂಖ್ಯೆಯ ಜೊತೆಗೆ ಒಟ್ಟು ಹಕ್ಕಿಗಳಲ್ಲಿ ಅದು ಎಷ್ಟು ಪಾಲು ಎಂಬುದನ್ನೂ ಹೇಳಿದ್ದರು: ಶೇ. 1ಕ್ಕಿಂತ ತೀರ ಕಡಿಮೆ, ಶೇ. 1ಕ್ಕಿಂತ ಕಡಿಮೆ, ಸುಮಾರು ಶೇ. 2. ಹೀಗೆ ಕೇಳಿಸಿಕೊಂಡವರಿಗೆ ಮೂರೂ 'ಸ್ವಲ್ಪ' ಎಂದೇ ಅನಿಸಿದ್ದರೆ ತಪ್ಪು ಅವರದಲ್ಲ. ಬೇರೆ ಎಷ್ಟೋ ಸಮೀಕ್ಷೆಗಳಲ್ಲಿ ವಸ್ತು ದೊಡ್ಡದಾದಂತೆ ಮೊತ್ತವೂ ಏರಿದೆ. ಆದರೆ ಎಷ್ಟು ಏರಬೇಕಿತ್ತೋ ಅಷ್ಟು ಏರಿದೆಯೇ ಎಂಬ ಜಗಳ ಇನ್ನೂ ಮುಗಿದಿಲ್ಲ.

ನನಗೆ ಮುಖ್ಯವೆನಿಸುವುದು ಇದರ ಹಿಂದಿರುವ ಪ್ರಶ್ನೆ. ಹಳೆಯ ಅರ್ಥಶಾಸ್ತ್ರದ ನಂಬಿಕೆ ಬಾವಿಯದು. ಒಳಗೆ ನೀರಿದೆ, ಸಮೀಕ್ಷೆ ಎಂಬ ಕೊಡ ಇಳಿಸಿದರೆ ಮೇಲೆ ಬರುತ್ತದೆ. ಕೊಡ ತಾಮ್ರದ್ದಾದರೇನು, ಪ್ಲಾಸ್ಟಿಕ್ಕಿನದಾದರೇನು, ನೀರು ಅದೇ. 1970ರ ದಶಕದಿಂದ ಈಚೆಗೆ ಮನಶ್ಶಾಸ್ತ್ರಜ್ಞರು ತೋರಿಸುತ್ತಾ ಬಂದಿರುವುದು ಬೇರೆ. ಪರಿಚಯವಿಲ್ಲದ ವಸ್ತುವಿನ ಬಗ್ಗೆ ಕೇಳಿದಾಗ ಮನುಷ್ಯ ತನ್ನ ಇಷ್ಟವನ್ನು ಆ ಹೊತ್ತಿಗೆ ಕಟ್ಟಿಕೊಳ್ಳುತ್ತಾನೆ. ಕೈಗೆ ಸಿಕ್ಕ ನೆನಪು, ಕಿವಿಗೆ ಬಿದ್ದ ಅಂಕಿ, ಎದುರು ಕುಳಿತವರ ಮುಖ, ಪ್ರಶ್ನೆಯ ಪದಗಳು, ಇವೇ ಕಟ್ಟಡದ ಸಾಮಗ್ರಿ.

ಇದು ನಮಗೆ ಹೊಸ ಸಂಗತಿಯಲ್ಲ. ಮದುವೆ ಮನೆಯಲ್ಲಿ ಮುಯ್ಯಿ ಬರೆಸುವ ಹೊತ್ತನ್ನು ನೆನಪಿಸಿಕೊಳ್ಳಿ. ಮನೆಯಿಂದ ಹೊರಡುವಾಗ ಗಂಡ ಹೆಂಡತಿ ಮಾತಾಡಿಕೊಳ್ಳುತ್ತಾರೆ: ನಮ್ಮ ಮನೆಯ ಮದುವೆಗೆ ಅವರು ಎಷ್ಟು ಬರೆಸಿದ್ದರು? ಆಗಿನ ಐನೂರು ಈಗ ಎಷ್ಟಾದೀತು? ಊಟಕ್ಕೆ ಎಷ್ಟು ಜನ ಹೋಗುತ್ತಿದ್ದೇವೆ? ಅಲ್ಲಿಗೆ ಹೋಗಿ ಸಾಲಿನಲ್ಲಿ ನಿಂತಾಗ ಮುಂದಿನವರು ಸಾವಿರದ ಒಂದು ಎಂದು ಬರೆಸಿದ್ದು ಕಿವಿಗೆ ಬಿದ್ದರೆ ಕೈ ಇನ್ನೊಂದು ನೋಟನ್ನು ತಾನಾಗಿ ಹುಡುಕುತ್ತದೆ. ಜಾತ್ರೆಯ ವಂತಿಗೆಗೆ ಬರುವವರು ರಸೀದಿ ಪುಸ್ತಕದಲ್ಲಿ ಮೊದಲು ಊರಿನ ದೊಡ್ಡ ಮೊತ್ತದವರ ಹಾಳೆಯನ್ನೇ ತೋರಿಸುವುದೂ ಈ ತಿಳಿವಳಿಕೆಯಿಂದ. ಮುಯ್ಯಿಯ ಆ ಅಂಕಿ ಸುಳ್ಳೇ? ಖಂಡಿತ ಅಲ್ಲ. ಕೊಟ್ಟದ್ದು ನಿಜವಾದ ಹಣ, ಅದರ ಹಿಂದಿರುವುದು ನಿಜವಾದ ಸಂಬಂಧ. ಆದರೆ ಅದು ಬಾವಿಯಿಂದ ಸೇದಿದ ಅಂಕಿಯಲ್ಲ, ದಾರಿಯಲ್ಲಿ ಕಟ್ಟಿದ್ದು.

ಸಾರಾ ಲಿಕ್ಟೆನ್‌ಸ್ಟೀನ್ ಮತ್ತು ಪಾಲ್ ಸ್ಲೋವಿಕ್ 1971ರಲ್ಲಿ ಪ್ರಕಟಿಸಿದ ಪ್ರಯೋಗ ಬಾವಿಯ ನಂಬಿಕೆಗೆ ಬಿದ್ದ ಮೊದಲ ದೊಡ್ಡ ಪೆಟ್ಟು. ಗೆಲ್ಲುವುದು ಹೆಚ್ಚುಕಡಿಮೆ ಖಚಿತವಾಗಿರುವ ಸಣ್ಣ ಬಾಜಿ ಒಂದು, ಗೆಲ್ಲುವುದು ಕಷ್ಟವಾದರೂ ಗೆದ್ದರೆ ದೊಡ್ಡ ಹಣ ಬರುವ ಬಾಜಿ ಇನ್ನೊಂದು. ಯಾವುದು ಬೇಕು ಎಂದರೆ ಬಹಳ ಜನ ಮೊದಲನೆಯದನ್ನು ಆರಿಸಿದರು. ಮಾರುವುದಾದರೆ ಯಾವುದಕ್ಕೆ ಎಷ್ಟು ಬೆಲೆ ಎಂದು ಕೇಳಿದರೆ ಅದೇ ಜನ ಎರಡನೆಯದಕ್ಕೆ ಹೆಚ್ಚು ಹೇಳಿದರು. ಬೇಕಾದದ್ದು ಒಂದು, ಬೆಲೆಯುಳ್ಳದ್ದು ಇನ್ನೊಂದು! ಪರಿಸರದ ವಿಷಯದಲ್ಲಿ ಇದೇ ತಿರುಚು 1993ರಲ್ಲಿ ಕಂಡುಬಂತು. ಗಾಳಿ ಶುದ್ಧವಾಗುವುದೋ ಮನೆಯ ಒಂದು ಸಾಮಾನು ಉತ್ತಮವಾಗುವುದೋ ಎಂದು ಎರಡನ್ನೂ ಎದುರಿಗಿಟ್ಟು ಆರಿಸಲು ಹೇಳಿದಾಗ ಜನ ಗಾಳಿಯ ಕಡೆ ವಾಲಿದರು. ಎಷ್ಟು ಹಣ ಕೊಡುತ್ತೀರಿ ಎಂದಾಗ ಸಾಮಾನಿನ ಕಡೆ. ಕಾರಣ ಕಷ್ಟದ್ದಲ್ಲ. ಹಣದ ಭಾಷೆಯಲ್ಲಿ ಕೇಳಿದರೆ ಮನಸ್ಸು ಹಣದ ಲೆಕ್ಕ ಸುಲಭವಾಗಿ ಸಿಗುವ ಕಡೆಗೆ ಹೋಗುತ್ತದೆ. ಮೊಬೈಲ್‌ಗೆ ಎಷ್ಟೆಂದು ನಮಗೆ ಗೊತ್ತು. ಹಳ್ಳದ ತಂಪಿಗೆ ಎಷ್ಟೆಂದು ಗೊತ್ತಿಲ್ಲ. ಗೊತ್ತಿಲ್ಲದ್ದು ಲೆಕ್ಕದಲ್ಲಿ ಕುಗ್ಗುತ್ತದೆ.

ಈಗ ದೊಡ್ಡಮ್ಮನ ಮೂರು ಪ್ರಶ್ನೆಗಳಿಗೆ ಬರೋಣ. ಅವರು ಓದಿದ್ದು ಏಳನೆಯ ತರಗತಿ. ಆದರೆ ಈ ಶಾಸ್ತ್ರದ ಮೂರು ದೊಡ್ಡ ಗಂಟುಗಳನ್ನು ಅವರು ಒಂದೇ ಉಸಿರಿನಲ್ಲಿ ಮುಟ್ಟಿದ್ದರು.

ಪಕ್ಕದ ಮನೆಯವರು ಎಷ್ಟು ಹೇಳಿದರು ಎಂಬುದು ಊರುಗೋಲಿನ ಹುಡುಕಾಟ. ಅಂಕಿ ಗೊತ್ತಿಲ್ಲದಾಗ ಮನಸ್ಸು ಹತ್ತಿರದ ಯಾವುದಾದರೂ ಅಂಕಿಗೆ ಆತುಕೊಳ್ಳುತ್ತದೆ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಡ್ಯಾನ್ ಏರಿಯಲಿ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ, ಅಮೆರಿಕದ ಸರ್ಕಾರ ಒಬ್ಬೊಬ್ಬರಿಗೂ ಕೊಡುವ ಸಾಮಾಜಿಕ ಭದ್ರತಾ ಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ಬರೆಯಲು ಹೇಳಿ, ಆಮೇಲೆ ಕೀಬೋರ್ಡ್, ಚಾಕೊಲೇಟ್ ಮುಂತಾದವುಗಳಿಗೆ ಬೆಲೆ ಕೂಗಿಸಿದರು. ತೀರ ದೊಡ್ಡ ಅಂಕಿಯವರು ತೀರ ಸಣ್ಣ ಅಂಕಿಯವರಿಗಿಂತ ಎರಡು ಪಟ್ಟಿಗೂ ಹೆಚ್ಚು ಕೂಗಿದರು. ಚಾಕೊಲೇಟಿಗೂ ಆ ಸಂಖ್ಯೆಗೂ ಏನು ನೆಂಟು? ಆದರೂ ಆತುಕೊಳ್ಳಲು ಒಂದು ಕಂಬ ಸಿಕ್ಕಿತ್ತು. ನಮ್ಮ ಜಗಲಿಯಲ್ಲಿ ಆ ಕಂಬ ನೆಟ್ಟವನು ನಾನೇ. ನಾನು ಬರೆದ ಪ್ರಶ್ನೆಯ ಕೆಳಗೆ ಗುರುತು ಹಾಕಲು ಮೊತ್ತಗಳ ಸಾಲಿತ್ತು: 100, 200, 500, 1000. ವಿದ್ಯಾರ್ಥಿನಿ ಹಾಳೆಯನ್ನು ದೊಡ್ಡಮ್ಮನ ಕಡೆಗೆ ತಿರುಗಿಸಿ ಹಿಡಿದಿದ್ದಳು. ನೂರು ಎಂಬುದು ಆ ಸಾಲಿನ ಎಲ್ಲಕ್ಕಿಂತ ಚಿಕ್ಕ ಅಂಕಿ. ನಾನು 20ರಿಂದ ಶುರು ಮಾಡಿದ್ದರೆ? ಅದನ್ನು ನೆನೆದಾಗ ಇಂದಿಗೂ ನನಗೆ ಕಸಿವಿಸಿಯಾಗುತ್ತದೆ.

ದುಡ್ಡು ಯಾರ ಕೈಗೆ ಎಂಬುದು ಎರಡನೆಯ ಗಂಟು. ಒಂದೇ ಹಳ್ಳ, ಒಂದೇ ಮನೆ. ಪಂಚಾಯಿತಿಯ ಕಂದಾಯದ ಜೊತೆ ಸೇರಿಸಿ ಎಂದರೆ ಒಂದು ಉತ್ತರ, ಊರಿನ ದೇವಸ್ಥಾನದ ಸಮಿತಿಯ ವಂತಿಗೆ ಎಂದರೆ ಇನ್ನೊಂದು, ಎಲ್ಲಿಂದಲೋ ಬಂದ ಸಂಸ್ಥೆಯ ಖಾತೆಗೆ ಎಂದರೆ ಮತ್ತೊಂದು. ಅರ್ಥಶಾಸ್ತ್ರದ ಶುದ್ಧ ಲೆಕ್ಕದಲ್ಲಿ ಹಣ ಹೋಗುವ ದಾರಿ ಬದಲಾದರೆ ವಸ್ತುವಿನ ಬೆಲೆ ಬದಲಾಗಬಾರದು. ಆದರೆ ಜನ ಹಳ್ಳವನ್ನಷ್ಟೇ ತೂಗುವುದಿಲ್ಲ; ಕೆಲಸ ನಿಜವಾಗಿ ಆಗುತ್ತದೆಯೇ ಎಂಬುದನ್ನೂ ತೂಗುತ್ತಾರೆ. ಅದು ಅವರ ವಿವೇಕ. ಇನ್ನೊಂದು ಮಾತು: ನಗದು ಕಡಿಮೆಯಿರುವ ಮನೆಗಳಲ್ಲಿ ರೂಪಾಯಿಯಲ್ಲಿ ಕೇಳುವುದೇ ಅನ್ಯಾಯ. ಅಂಥ ಕಡೆ ಎಷ್ಟು ದಿನದ ಕೆಲಸ ಕೊಡುತ್ತೀರಿ ಎಂದು ಕೇಳಿರುವ ಸಂಶೋಧಕರು ಹಲವರಿದ್ದಾರೆ. ಕೆರೆಯ ಹೂಳೆತ್ತಲು ಮನೆಗೊಂದು ಆಳು ಎಂಬ ಪದ್ಧತಿ ಗೊತ್ತಿರುವ ನಮಗೆ ಇದು ತೀರ ಸಹಜವಾಗಿ ಹೊಳೆಯಬೇಕಿತ್ತು. ನನಗೆ ಹೊಳೆದಿರಲಿಲ್ಲ. ಕಾಲವೂ ಮುಖ್ಯ. ಕೊಯ್ಲು ಮುಗಿದು, ಕಣದಿಂದ ಕಾಫಿ ಹೋಗಿ, ಕೈಯಲ್ಲಿ ನಾಲ್ಕು ಕಾಸು ಆಡುವ ಫೆಬ್ರುವರಿಯಲ್ಲಿ ಕೇಳುವುದೂ, ಮಕ್ಕಳ ಫೀಜು, ಗೊಬ್ಬರ, ಆಳುಗಳ ಮುಂಗಡ ಎಲ್ಲ ಒಟ್ಟಿಗೆ ಬರುವ ಜೂನ್‌ನಲ್ಲಿ ಕೇಳುವುದೂ ಒಂದೇ ಅಲ್ಲ.

ಮೂರನೆಯದು ಎಲ್ಲಕ್ಕಿಂತ ಆಳವಾದದ್ದು. ಹಳ್ಳ ಯಾರದು? 'ಉಳಿಸಲು ಎಷ್ಟು ಕೊಡುತ್ತೀರಿ' ಎಂಬ ಪ್ರಶ್ನೆಯ ಒಳಗೆ, ಅದು ನಿಮ್ಮದಲ್ಲ, ಬೇಕಾದರೆ ಕೊಂಡುಕೊಳ್ಳಿ ಎಂಬ ತೀರ್ಪು ಅಡಗಿದೆ. 'ಬಿಟ್ಟುಕೊಡಲು ಎಷ್ಟು ತೆಗೆದುಕೊಳ್ಳುತ್ತೀರಿ' ಎಂದು ಕೇಳಿದರೆ ಹಕ್ಕು ನಿಮ್ಮ ಕಡೆಗೆ ಬರುತ್ತದೆ. ಎರಡಕ್ಕೂ ಹತ್ತಿರದ ಉತ್ತರ ಸಿಗಬೇಕೆಂದು ಬಹಳ ಕಾಲ ಭಾವಿಸಿದ್ದರು. 1974ರಲ್ಲಿ ಪ್ರಕಟವಾದ ಹ್ಯಾಮಕ್ ಮತ್ತು ಬ್ರೌನ್ ಅವರ ಅಧ್ಯಯನದಲ್ಲಿ ಅಮೆರಿಕದ ಬಾತುಬೇಟೆಗಾರರು ಬಾತುಗಳ ಜೌಗುನೆಲ ಉಳಿಸಲು ಸರಾಸರಿ 247 ಡಾಲರ್ ಕೊಡುತ್ತೇವೆ ಎಂದರು. ಅದನ್ನು ಬಿಟ್ಟುಕೊಡಲು ಕೇಳಿದ್ದು 1,044 ಡಾಲರ್. ಆಮೇಲಿನ ನೂರಾರು ಪ್ರಯೋಗಗಳಲ್ಲಿ ಈ ಅಂತರ ಮತ್ತೆ ಮತ್ತೆ ಕಂಡಿದೆ. ಕೈಯಲ್ಲಿರುವುದನ್ನು ಕಳೆದುಕೊಳ್ಳುವ ನೋವು, ಇಲ್ಲದ್ದನ್ನು ಪಡೆಯುವ ಸಂತೋಷಕ್ಕಿಂತ ಭಾರ. ಇದನ್ನು ನಮಗೆ ಅಮೆರಿಕದಿಂದ ಯಾರೂ ಬಂದು ಹೇಳಬೇಕಾಗಿಲ್ಲ. ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿವೆ! ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ನೀರಿನೊಳಗೆ ನಿಂತು ಬೇಸಿಗೆಯಲ್ಲಿ ಹೊರಗೆ ಬರುತ್ತದೆ. ನೋಡಲು ಬರುವವರಿಗೆ ಅದು ಚಿತ್ರ, ಮುಳುಗಡೆಯಾದವರಿಗೆ ಊರು. ಅವರಲ್ಲಿ ಯಾರನ್ನಾದರೂ ನಿಮ್ಮ ಊರು ಉಳಿಸಿಕೊಳ್ಳಲು ಎಷ್ಟು ಕೊಡುತ್ತಿದ್ದಿರಿ ಎಂದು ಕೇಳಿ ನೋಡಿ. ಪ್ರಶ್ನೆಯೇ ನಾಲಿಗೆಯಲ್ಲಿ ತೊಡರುತ್ತದೆ.

ಹೀಗಾಗಿಯೇ ಸಮೀಕ್ಷೆಗಳಲ್ಲಿ ಸೊನ್ನೆ ಎಂದು ಬರುವ ಉತ್ತರ ಎರಡು ಬಗೆಯದು. ಹಳ್ಳ ಇದ್ದರೂ ಇಲ್ಲದಿದ್ದರೂ ನನಗೆ ಒಂದೇ ಎಂಬ ಸೊನ್ನೆ ಒಂದು. ಹಳ್ಳ ನನಗೆ ಪ್ರಾಣ, ಆದರೆ ದುಡ್ಡು ಕೊಡಬೇಕಾದವನು ನಾನಲ್ಲ ಎಂಬ ಪ್ರತಿಭಟನೆಯ ಸೊನ್ನೆ ಇನ್ನೊಂದು. ಕಾಗದದ ಮೇಲೆ ಎರಡೂ ಒಂದೇ ಆಕಾರದಲ್ಲಿ ಕಾಣುತ್ತವೆ. ಕಾರಣ ಕೇಳದೆ ಕೂಡಿದರೆ ಹಳ್ಳವನ್ನು ಹೆಚ್ಚು ಪ್ರೀತಿಸುವವರೇ ಅದರ ಬೆಲೆಯನ್ನು ಇಳಿಸಿದಂತಾಗುತ್ತದೆ.

ಕೇಳುವಾಗ ಹತ್ತಿರದಲ್ಲಿ ಯಾರಿದ್ದಾರೆ ಎಂಬುದನ್ನೂ ಮರೆಯಬಾರದು. ಅದೇ ದಿನ ನಮ್ಮ ಇನ್ನೊಬ್ಬ ವಿದ್ಯಾರ್ಥಿ ಒಂದು ತೋಟದ ಆಳುಗಳು ಇರುವ ಲೈನ್ ಮನೆಗಳಿಗೆ ಹೋಗಿದ್ದ. ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವ ತೋಟದ ರೈಟರ್ ದಾರಿ ತೋರಿಸಲು ಬಂದು ಅಲ್ಲೇ ನಿಂತಿದ್ದರು. ಪಲ್ಪರಿನ ನೀರಿನ ಬಗ್ಗೆ ಕೇಳಿದಾಗ ಎಲ್ಲರೂ ರೈಟರ ಮುಖ ನೋಡಿ, "ಹಳ್ಳ ಚೆನ್ನಾಗಿಯೇ ಇದೆ" ಎಂದರು. ಆ ಹಾಳೆಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಇಷ್ಟನ್ನೆಲ್ಲ ಕಂಡು, ಇಂಥ ಅಂಕಿ ಇರುವುದಕ್ಕಿಂತ ಇಲ್ಲದಿರುವುದೇ ಮೇಲು ಎಂದು ವಾದಿಸುವ ದೊಡ್ಡ ಅರ್ಥಶಾಸ್ತ್ರಜ್ಞರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಜನರಿಗೆ ವಸ್ತು ಪರಿಚಿತವಾಗಿದ್ದು, ಕೊಡುವ ದಾರಿ ನಂಬುವಂತಿದ್ದರೆ ಮಾತಿಗೂ ನಡತೆಗೂ ಹೊಂದಾಣಿಕೆ ಇರುತ್ತದೆ. ಪಕ್ಕದ ಕೇರಳದಲ್ಲೇ ಇದಕ್ಕೆ ಸಾಕ್ಷಿಯಿದೆ. 1988ರಲ್ಲಿ ಅಲ್ಲಿನ ಹಳ್ಳಿಗಳಲ್ಲಿ, ಇಷ್ಟು ಶುಲ್ಕವಾದರೆ ಮನೆಗೆ ನಲ್ಲಿ ಹಾಕಿಸಿಕೊಳ್ಳುತ್ತೀರಾ ಎಂದು ಕೇಳಿದ್ದರು. 1991ರಲ್ಲಿ ಮತ್ತೆ ಅದೇ ಮನೆಗಳಿಗೆ ಹೋಗಿ ನೋಡಿದಾಗ ಬಹುಪಾಲು ಜನ ಹೇಳಿದಂತೆಯೇ ಮಾಡಿದ್ದರು. ನಲ್ಲಿಯೆಂದರೇನು, ಕೊಡ ಹೊರುವುದೆಂದರೇನು ಎಂಬುದು ಅವರಿಗೆ ಮೈಯಲ್ಲೇ ಗೊತ್ತಿತ್ತು. ಎಲ್ಲೋ ದೂರದ ಹೊಂಡದಲ್ಲಿ ಸಾಯುವ ಹಕ್ಕಿಯ ಪ್ರಶ್ನೆಗೂ ಇದಕ್ಕೂ ಇರುವ ವ್ಯತ್ಯಾಸ ಅಲ್ಲಿದೆ.

ಎಕ್ಸಾನ್ ವಿವಾದದ ನಂತರ ಅಮೆರಿಕ ಸರ್ಕಾರ ಕೆನೆತ್ ಆರೋ ಮತ್ತು ರಾಬರ್ಟ್ ಸೋಲೋ ಎಂಬ ಇಬ್ಬರು ನೊಬೆಲ್ ಪುರಸ್ಕೃತರ ಮುಂದಾಳತ್ವದಲ್ಲಿ ಒಂದು ಸಮಿತಿ ರಚಿಸಿತು. 1993ರ ವರದಿಯಲ್ಲಿ ಅವರು ಈ ವಿಧಾನವನ್ನು ತಳ್ಳಿಹಾಕಲಿಲ್ಲ, ಕಟ್ಟುನಿಟ್ಟು ಹಾಕಿದರು. ಎಷ್ಟು ಕೊಡುತ್ತೀರಿ ಎಂದು ಬಯಲಿಗೆ ಬಿಡಬೇಡಿ. ಇಷ್ಟು ಮೊತ್ತವಾದರೆ ಯೋಜನೆಯ ಪರ ಮತ ಹಾಕುತ್ತೀರಾ ಇಲ್ಲವೇ ಎಂದು ಕೇಳಿ. ಮುಖಾಮುಖಿ ಕೇಳಿ. ಈ ಹಣ ಕೊಟ್ಟರೆ ಬೇರೆ ಖರ್ಚಿಗೆ ಕಡಿಮೆಯಾಗುತ್ತದೆ ಎಂದೂ, ಇಂಥವೇ ಬೇರೆ ಹೊಳೆ ಕಾಡುಗಳೂ ಇವೆ ಎಂದೂ ನೆನಪಿಸಿ. ಉತ್ತರಿಸಲು ಇಷ್ಟವಿಲ್ಲ ಎನ್ನಲು ಒಂದು ಜಾಗ ಕೊಡಿ. ಹೀಗೆ ಅವರ ಪಟ್ಟಿ ಉದ್ದವಿದೆ. ಅದರಲ್ಲಿ ಅಷ್ಟಾಗಿ ಒತ್ತು ಸಿಗದ ಒಂದು ಸಂಗತಿ ನನಗೆ ಬಹಳ ಮುಖ್ಯ: ಸಮಯ. ನೈಜೀರಿಯದಲ್ಲಿ ಡೇಲ್ ವಿಟಿಂಗ್ಟನ್ ಮತ್ತು ಸಂಗಡಿಗರು ನೀರಿನ ನಲ್ಲಿಗಳ ಬಗ್ಗೆ ಕೇಳಿದಾಗ, ಕೆಲವರಿಂದ ಅಲ್ಲೇ ಉತ್ತರ ಪಡೆದು, ಕೆಲವರಿಗೆ ಯೋಚಿಸಲು ಸಮಯ ಬಿಟ್ಟು ಮತ್ತೆ ಹೋದರು. ಸಮಯ ಸಿಕ್ಕವರ ಮೊತ್ತ ಕಡಿಮೆಯಿತ್ತು. ಮನೆಯವರೊಂದಿಗೆ ಮಾತಾಡಿ, ಕೈಯಲ್ಲಿರುವ ಹಣ ನೋಡಿಕೊಂಡು ಹೇಳಿದ ಮಾತು ಬೇರೆಯೇ ಆಗಿರುತ್ತದೆ.

ಸ್ಲೋವಿಕ್, ಲಿಕ್ಟೆನ್‌ಸ್ಟೀನ್ ಮತ್ತು ರಾಬಿನ್ ಗ್ರೆಗರಿ 1993ರಲ್ಲಿ ಹೇಳಿದ ಒಂದು ಹೋಲಿಕೆ ನನಗೆ ದಾರಿ ತೋರಿಸಿತು. ಬೆಲೆ ಕೇಳುವವನು ಪ್ರಾಕ್ತನಶಾಸ್ತ್ರಜ್ಞನಲ್ಲ, ಕಟ್ಟಡದ ಶಿಲ್ಪಿ ಎಂಬುದು ಅವರ ಮಾತು. ಹಳೇಬೀಡಿನಲ್ಲಿ ಮಣ್ಣು ಸರಿಸಿದರೆ ಹೊಯ್ಸಳರ ಕಾಲದ ಕಲ್ಲು ಸಿಗುತ್ತದೆ, ಏಕೆಂದರೆ ಯಾರೋ ಅದನ್ನು ಮೊದಲೇ ಕಡೆದಿಟ್ಟಿದ್ದಾರೆ. ಜಗಲಿಯ ಮೇಲೆ ಕುಳಿತವರ ಮನಸ್ಸಿನಲ್ಲಿ ಹಾಗೆ ಕಡೆದಿಟ್ಟ ಅಂಕಿಯಿಲ್ಲ. ಅಲ್ಲಿರುವುದು ಬಳಪದ ಕಲ್ಲು: ಹಳ್ಳದಲ್ಲಿ ಈಜಿದ ನೆನಪು, ಏಡಿ ಹಿಡಿದದ್ದು, ರೊಬಸ್ಟಾ ಹೂವಿಗೆಂದು ಎಲ್ಲರೂ ಒಟ್ಟಿಗೆ ಸ್ಪ್ರಿಂಕ್ಲರ್ ಹಾಕಿದಾಗ ಹಳ್ಳ ಬತ್ತಿದ ವರ್ಷದ ಸಿಟ್ಟು, ಮೊಮ್ಮಕ್ಕಳ ಚಿಂತೆ. ಕಡೆಯುವ ಕೆಲಸ ಕೇಳುವವನೂ ಹೇಳುವವನೂ ಸೇರಿ ಮಾಡಬೇಕಾದದ್ದು. ಉಳಿ ಒರಟಾಗಿದ್ದರೆ ಮೂರ್ತಿ ಕೆಡುತ್ತದೆ, ದೋಷ ಕಲ್ಲಿನದಾಗುವುದಿಲ್ಲ. ಅದಕ್ಕಾಗಿ ಕೆಲವರು ಒಬ್ಬೊಬ್ಬರನ್ನೇ ಕೇಳುವುದನ್ನು ಬಿಟ್ಟು ಹತ್ತು ಹನ್ನೆರಡು ಜನರನ್ನು ಒಟ್ಟಿಗೆ ಕೂರಿಸಿ, ಮಾಹಿತಿ ಕೊಟ್ಟು, ವಾದಿಸಲು ಬಿಟ್ಟು, ಆಮೇಲೆ ಕೇಳುತ್ತಾರೆ. ಒಬ್ಬನೇ ಇದ್ದಾಗ ಮನುಷ್ಯ ಗಿರಾಕಿಯಂತೆ ಲೆಕ್ಕ ಹಾಕುತ್ತಾನೆ, ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕುಳಿತಾಗ ಊರಿನವನಾಗಿ ಯೋಚಿಸುತ್ತಾನೆ. ಅಲ್ಲೂ ಜೋರು ದನಿಯವರ ಕಾಟ ಇದ್ದೇ ಇದೆ. ಹೆಂಗಸರು ಬಾಯಿ ತೆರೆಯದ ಸಭೆಯಿಂದ ಬಂದ ಅಂಕಿಯನ್ನು ನಾನು ನಂಬುವುದಿಲ್ಲ.

ಆ ಸಂಜೆ ವಿದ್ಯಾರ್ಥಿಗಳು ಅಂಗಳದಲ್ಲಿ ಹಾಳೆಗಳನ್ನು ಜೋಡಿಸುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ನೂರು ಎಂದು ಏಕೆ ಹೇಳಿದಿರಿ ದೊಡ್ಡಮ್ಮ ಎಂದು ಕೇಳಿದೆ. "ಬಿಸಿಲಿನಲ್ಲಿ ಬಂದ ಹುಡುಗಿ. ಬರಿಗೈಯಲ್ಲಿ ಕಳಿಸುವುದು ಹೇಗೆ?" ಎಂದರು. ಮಜ್ಜಿಗೆ ಕೊಟ್ಟಂತೆ ನೂರನ್ನೂ ಕೊಟ್ಟಿದ್ದರು. ಆಮೇಲೆ ಆ ಹಾಳೆಯನ್ನು ರಾತ್ರಿ ತಮ್ಮ ಬಳಿಯೇ ಇಡಲು ಹೇಳಿದರು.

ಮರುದಿನ ಬೆಳಿಗ್ಗೆ ಕಾಫಿ ಲೋಟಗಳ ಜೊತೆ ಹಾಳೆಯೂ ಜಗಲಿಗೆ ಬಂತು. ದೊಡ್ಡಪ್ಪನೊಂದಿಗೂ ಪಕ್ಕದ ಮನೆಯವರೊಂದಿಗೂ ಮಾತಾಗಿತ್ತು. "ನೂರನ್ನು ಹೊಡೆದುಹಾಕಮ್ಮ" ಎಂದರು ವಿದ್ಯಾರ್ಥಿನಿಗೆ. "ಬೇಸಿಗೆಯಲ್ಲಿ ನಮ್ಮ ಮನೆಯಿಂದ ಎರಡು ದಿನ ಇಬ್ಬರು ಆಳು. ದುಡ್ಡಾದರೆ ಐವತ್ತು, ಅದೂ ಊರಿನವರ ಮುಂದೆ ಲೆಕ್ಕ ಓದುವುದಾದರೆ. ಮೇಲಿನ ತೋಟದವರು ಪಲ್ಪರ್ ನೀರು ಬಿಡುವುದನ್ನು ನಿಲ್ಲಿಸಿದ ಮೇಲೆ."

ಹಾಳೆಯಲ್ಲಿ ಅದಕ್ಕೆಲ್ಲ ಜಾಗವಿರಲಿಲ್ಲ. ವಿದ್ಯಾರ್ಥಿನಿ ನನ್ನ ಮುಖ ನೋಡಿದಳು. ಹಾಳೆಯನ್ನು ಹಿಂದಕ್ಕೆ ತಿರುಗಿಸಿ, ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಳ್ಳಲು ಹೇಳಿದೆ.